ಗೆದ್ದ ಮೊಕದ್ದಮೆ, ಕಳೆದುಹೋದ ಶಾಲಾ ಜಿಲ್ಲೆ: ಅರ್ಕಾನ್ಸಾಸ್‌ನ ಲೇಕ್ ವ್ಯೂ ಪ್ರಕರಣ

ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ಸುಪ್ರೀಂ ಕೋರ್ಟ್ 2002ರ ನವೆಂಬರ್ 21ರಂದು ಕೊಟ್ಟ ತೀರ್ಪಿನಲ್ಲಿ ಒಬ್ಬ ಗಣಿತ ಮೇಷ್ಟ್ರ ವಿಷಯ ಬರುತ್ತದೆ. ಲೇಕ್ ವ್ಯೂ ಎಂಬ ಊರಿನ ಹೈಸ್ಕೂಲಿಗೆ ಅವರೊಬ್ಬರೇ ಗಣಿತ ಶಿಕ್ಷಕರು. ಬೀಜಗಣಿತ, ರೇಖಾಗಣಿತ, ತ್ರಿಕೋನಮಿತಿ ಎಲ್ಲವನ್ನೂ ಅವರೇ ಕಲಿಸಬೇಕು. ಗಣಿತ ಕಲಿಸಲು ರಾಜ್ಯ ಕೊಡುವ ಅರ್ಹತಾ ಪತ್ರ ಅವರ ಬಳಿ ಇರಲಿಲ್ಲ. ನಮ್ಮಲ್ಲಿ ಅತಿಥಿ ಶಿಕ್ಷಕರಿದ್ದ ಹಾಗೆ, ಕಾಯಂ ಅಲ್ಲದ ಬದಲಿ ಶಿಕ್ಷಕರೆಂದು ಅವರನ್ನು ಇಟ್ಟುಕೊಂಡಿದ್ದರು. ಸಂಬಳ ವರ್ಷಕ್ಕೆ 10,000 ಡಾಲರ್. ಅದು ಸಾಲದೆ ಶಾಲಾ ಬಸ್ ಓಡಿಸಿ ಇನ್ನೊಂದು 5,000 ಡಾಲರ್ ದುಡಿಯುತ್ತಿದ್ದರು. ತ್ರಿಕೋನಮಿತಿ ತರಗತಿಗೆ ಬೇಕಾದಷ್ಟು ಕ್ಯಾಲ್ಕುಲೇಟರ್ ಇರಲಿಲ್ಲ, ರೇಖಾಗಣಿತಕ್ಕೆ ಕೈವಾರವೇ ಇರಲಿಲ್ಲ, ಬರೆಯಲು ಬರುವ ಕರಿಹಲಗೆ ಒಂದೇ, ಹಾಳೆಗೂ ಕೊರತೆ. ಆ ಶಾಲೆಯಿಂದ ಕಾಲೇಜಿಗೆ ಹೋದ ಮಕ್ಕಳಲ್ಲಿ ಮೊದಲ ವರ್ಷ ಹೈಸ್ಕೂಲಿನ ಪಾಠವನ್ನೇ ಮತ್ತೆ ಕಲಿಯಬೇಕಾಗಿ ಬಂದವರ ಪ್ರಮಾಣ 100ಕ್ಕೆ 100.

ಶಾಲೆಗಳಿಗೆ ರಾಜ್ಯ ಹಣ ಹಂಚುವ ರೀತಿ ಸಂವಿಧಾನಕ್ಕೆ ವಿರುದ್ಧ ಎಂದು ಹೂಡಿದ್ದ ಈ ಮೊಕದ್ದಮೆಯನ್ನು ಲೇಕ್ ವ್ಯೂ ಗೆದ್ದಿತು. ಅದರ ಫಲವಾಗಿ ಅರ್ಕಾನ್ಸಾಸ್‌ನ ಇಡೀ ಶಾಲಾ ವ್ಯವಸ್ಥೆ ಬದಲಾಯಿತು, ಮಾರಾಟ ತೆರಿಗೆ ಏರಿತು, ಬಡ ಮಕ್ಕಳ ಶಾಲೆಗಳಿಗೆ ಹೆಚ್ಚುವರಿ ಹಣದ ನಿಯಮ ಬಂತು. ಆದರೆ ಹೊಸ ಹಣ ಹಂಚಿಕೆಯಾದ ಮೊದಲ ವರ್ಷ, ಅಂದರೆ 2004ರ ಜುಲೈ ಹೊತ್ತಿಗೆ, ಲೇಕ್ ವ್ಯೂ ಶಾಲಾ ಜಿಲ್ಲೆ (ಊರಿನ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ) ಎಂಬುದು ಇರಲೇ ಇಲ್ಲ. ಅದನ್ನು ಪಕ್ಕದ ಜಿಲ್ಲೆಗೆ ಸೇರಿಸಿಯಾಗಿತ್ತು. ಸಣ್ಣ ಹಳ್ಳಿ ಶಾಲೆಗಳ ಹಣ ಮತ್ತು ಕಲಿಕೆಯ ಬಗ್ಗೆ ಮಾತಾಡುವವರು ಈ ಪ್ರಕರಣವನ್ನು ಸಾವಧಾನವಾಗಿ ಓದಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಕೋರ್ಟು ಕಾಯಿಲೆಯನ್ನು ಸರಿಯಾಗಿಯೇ ಗುರುತಿಸಿತ್ತು, ಚಿಕಿತ್ಸೆ ಮಾತ್ರ ಬೇರೆ ಕಡೆಗೆ ಹೋಯಿತು.

ಊರು

ಲೇಕ್ ವ್ಯೂ ಇರುವುದು ಮಿಸಿಸಿಪ್ಪಿ ನದಿಯ ಪಕ್ಕದ ಫಿಲಿಪ್ಸ್ ಕೌಂಟಿಯಲ್ಲಿ (ಕೌಂಟಿ ಎಂದರೆ ರಾಜ್ಯದೊಳಗಿನ ಆಡಳಿತ ವಿಭಾಗ). ಅಲ್ಲಿಯ ಜನ 'ಡೆಲ್ಟಾ' ಎಂದು ಕರೆಯುವ, ಹತ್ತಿ ಬೆಳೆಯುವ ಚಪ್ಪಟೆ ಕಪ್ಪು ನೆಲ. ಗುಲಾಮಗಿರಿ ಹೋದ ಮೇಲೂ ಇಲ್ಲಿ ಬಿಳಿಯರ ಹೊಲವನ್ನು ಕರಿಯರು ಪಾಲಿಗೆ ಮಾಡುವ ಪದ್ಧತಿ ದಶಕಗಳ ಕಾಲ ಉಳಿಯಿತು. 1919ರಲ್ಲಿ ಇದೇ ಕೌಂಟಿಯ ಎಲೇನ್ ಸುತ್ತಮುತ್ತ, ಹತ್ತಿಗೆ ನ್ಯಾಯವಾದ ಬೆಲೆ ಕೇಳಲು ಸಂಘ ಕಟ್ಟಿದ ಕರಿಯ ರೈತರ ಮೇಲೆ ನಡೆದ ಹತ್ಯಾಕಾಂಡ ಅಮೆರಿಕದ ಚರಿತ್ರೆಯ ಅತ್ಯಂತ ಭೀಕರ ಜನಾಂಗೀಯ ಹಿಂಸೆಗಳಲ್ಲಿ ಒಂದು.

ಲೇಕ್ ವ್ಯೂ ಹುಟ್ಟಿದ್ದು 1930ರ ದಶಕದ ಕೊನೆಯಲ್ಲಿ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರ ನಡೆಸಿದ ಪುನರ್ವಸತಿ ಯೋಜನೆಯಡಿ, ಭೂಮಿಯಿಲ್ಲದ ಕರಿಯ ಗೇಣಿದಾರ ಕುಟುಂಬಗಳಿಗೆ ಇಲ್ಲಿ ಹೊಲ ಮನೆ ಸಿಕ್ಕವು. ಶಾಲೆಯೂ ಆ ಯೋಜನೆಯ ಭಾಗವೇ. ಪರರ ಹೊಲದಲ್ಲಿ ಬೆವರು ಸುರಿಸಿದವರ ಮಕ್ಕಳು ಸ್ವಂತ ಹೊಲದ ಪಕ್ಕದ ಸ್ವಂತ ಶಾಲೆಯಲ್ಲಿ ಓದಿದರು, ಮುಂದೆ ಆ ಊರಿನವರೇ ಶಾಲಾ ಮಂಡಳಿಗೆ ಆಯ್ಕೆಯಾದರು. ಹಣದ ಲೆಕ್ಕಕ್ಕೆ ಬರುವ ಮೊದಲು ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಮುಂದೆ ಜಿಲ್ಲೆ ವಿಲೀನವಾದಾಗ ಊರು ಕಳೆದುಕೊಂಡದ್ದು ಒಂದು ಕಚೇರಿಯನ್ನಷ್ಟೇ ಅಲ್ಲ.

ಹತ್ತಿ ಬಿಡಿಸುವ ಯಂತ್ರ ಬಂದ ಮೇಲೆ ಡೆಲ್ಟಾದಲ್ಲಿ ಕೂಲಿ ಕೆಲಸ ಹೋಯಿತು, ಜನ ಊರು ಬಿಟ್ಟರು. ಫಿಲಿಪ್ಸ್ ಕೌಂಟಿಯಲ್ಲಿ 1950ರಲ್ಲಿ 46,254 ಜನರಿದ್ದರು. 2000ದ ಹೊತ್ತಿಗೆ 26,445, 2020ಕ್ಕೆ 16,568. ಲೇಕ್ ವ್ಯೂ ಪಟ್ಟಣದ ಜನಸಂಖ್ಯೆ 2000ದಲ್ಲಿ 531. ಶಾಲಾ ಜಿಲ್ಲೆಯಲ್ಲಿ ಶಿಶುವಿಹಾರದಿಂದ ಹನ್ನೆರಡನೇ ತರಗತಿಯವರೆಗೆ ಸೇರಿ 238 ಮಕ್ಕಳು. ಅವರಲ್ಲಿ ಶೇ 94ರಷ್ಟು ಮಂದಿ ಉಚಿತ ಅಥವಾ ರಿಯಾಯಿತಿ ದರದ ಮಧ್ಯಾಹ್ನದ ಊಟಕ್ಕೆ ಅರ್ಹರು. ಅಮೆರಿಕದ ಶಾಲೆಗಳಲ್ಲಿ ಬಡತನವನ್ನು ಅಳೆಯಲು ಸಾಮಾನ್ಯವಾಗಿ ಬಳಸುವ ಅಳತೆ ಇದೇ.

ಹಣ ಬರುವ ದಾರಿ

ಕರ್ನಾಟಕದಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರಿಗೆ ಸಂಬಳ ಬರುವುದು ರಾಜ್ಯದ ಖಜಾನೆಯಿಂದ. ಬೀದರ್‌ನ ಹಳ್ಳಿಯಲ್ಲಿದ್ದರೂ ಬೆಂಗಳೂರಿನಲ್ಲಿದ್ದರೂ ಮೂಲ ವೇತನ ಒಂದೇ. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿಯ 'ಶಾಲಾ ಜಿಲ್ಲೆ' ಎಂದರೆ ಸ್ವಂತ ಗಡಿ, ಚುನಾಯಿತ ಮಂಡಳಿ, ಸ್ವಂತ ತೆರಿಗೆ ಇರುವ ಸ್ಥಳೀಯ ಸರ್ಕಾರ. ಒಂದು ಕೌಂಟಿಯೊಳಗೇ ಅಂಥವು ಹಲವು ಇರಬಹುದು. ಮನೆ, ಹೊಲ, ಅಂಗಡಿ, ಕಾರ್ಖಾನೆಗಳ ಮೇಲಿನ ಆಸ್ತಿ ತೆರಿಗೆಯ ದೊಡ್ಡ ಪಾಲು ಶಾಲೆಗೆ ಹೋಗುತ್ತದೆ. ರಾಜ್ಯ ಸರ್ಕಾರ ಅದರ ಮೇಲೆ ಒಂದಷ್ಟು ಅನುದಾನ ಸೇರಿಸುತ್ತದೆ.

ಈ ತೆರಿಗೆಯನ್ನು 'ಮಿಲ್' ಲೆಕ್ಕದಲ್ಲಿ ಹೇಳುತ್ತಾರೆ. ತೆರಿಗೆಗೆ ಹಿಡಿದ ಆಸ್ತಿ ಮೌಲ್ಯದ ಪ್ರತಿ 1,000 ಡಾಲರಿಗೆ 1 ಡಾಲರ್ ಎಂದರೆ ಒಂದು ಮಿಲ್. ಅರ್ಕಾನ್ಸಾಸ್‌ನಲ್ಲಿ ಮಾರುಕಟ್ಟೆ ಬೆಲೆಯ ಶೇ 20ನ್ನಷ್ಟೇ ತೆರಿಗೆಗೆ ಹಿಡಿಯುತ್ತಾರೆ. 50,000 ಡಾಲರ್ ಬೆಲೆಯ ಮನೆಯಾದರೆ ಲೆಕ್ಕಕ್ಕೆ ಬರುವುದು 10,000. ಅದರ ಮೇಲೆ 25 ಮಿಲ್ ಹಾಕಿದರೆ ವರ್ಷಕ್ಕೆ 250 ಡಾಲರ್. ರಾಜ್ಯದ ವಾಯವ್ಯದಲ್ಲಿ ವಾಲ್‌ಮಾರ್ಟ್‌ನ ಕೇಂದ್ರ ಕಚೇರಿಯಿರುವ ಬೆಂಟನ್‌ವಿಲ್, ಟೈಸನ್ ಕಂಪನಿಯಿರುವ ಸ್ಪ್ರಿಂಗ್‌ಡೇಲ್‌ಗಳಲ್ಲಿ ಇದೇ 25 ಮಿಲ್ ತೆರಿಗೆ ಎಷ್ಟು ಹಣ ತರುತ್ತದೆ, ಹಳೆಯ ಮರದ ಮನೆಗಳ ಲೇಕ್ ವ್ಯೂನಲ್ಲಿ ಎಷ್ಟು ತರುತ್ತದೆ ಎಂದು ಯೋಚಿಸಿದರೆ ಮೊಕದ್ದಮೆಯ ಅರ್ಧ ವಾದ ಅಲ್ಲೇ ಮುಗಿಯುತ್ತದೆ. ಬಡ ಊರಿನವರು ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟಿದರೂ ಶ್ರೀಮಂತ ಊರಿನ ಮಟ್ಟಕ್ಕೆ ಬರಲಾಗುವುದಿಲ್ಲ.

ಈ ತಾರತಮ್ಯದ ಬಗ್ಗೆ ಒಕ್ಕೂಟದ ಸುಪ್ರೀಂ ಕೋರ್ಟಿಗೆ ಹೋಗುವ ದಾರಿ 1973ರಲ್ಲೇ ಮುಚ್ಚಿತ್ತು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ–ರಾಡ್ರಿಗಸ್ ಪ್ರಕರಣದಲ್ಲಿ 5–4ರ ಬಹುಮತದ ತೀರ್ಪು ಬಂದು, ಶಿಕ್ಷಣ ಒಕ್ಕೂಟದ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಎಂದಾಯಿತು. ಆಮೇಲೆ ಎಲ್ಲರೂ ರಾಜ್ಯ ಸಂವಿಧಾನಗಳತ್ತ ತಿರುಗಿದರು. ಅರ್ಕಾನ್ಸಾಸ್‌ನ 1874ರ ಸಂವಿಧಾನದ 14ನೇ ವಿಧಿ 'ಸಾರ್ವತ್ರಿಕ, ಸಮರ್ಪಕ, ದಕ್ಷ' ಉಚಿತ ಶಾಲಾ ವ್ಯವಸ್ಥೆಯನ್ನು ನಡೆಸುವುದು ರಾಜ್ಯದ ಹೊಣೆ ಎನ್ನುತ್ತದೆ. 1983ರಲ್ಲಿ ಡುಪ್ರೀ–ಆಲ್ಮಾ ಪ್ರಕರಣದಲ್ಲಿ ಇದೇ ವಿಧಿಯ ಆಧಾರದ ಮೇಲೆ ಅಂದಿನ ಹಣ ಹಂಚಿಕೆ ರದ್ದಾಯಿತು. ಒಂದೇ ರಾಜ್ಯದಲ್ಲಿ ಒಂದು ಜಿಲ್ಲೆಗೆ ಮಗುವಿಗೆ 2,378 ಡಾಲರ್, ಇನ್ನೊಂದಕ್ಕೆ 873 ಡಾಲರ್ ಸಿಗುತ್ತಿದ್ದ ಕಾಲ ಅದು. ಆಗ ಗವರ್ನರ್ ಆಗಿದ್ದ ಬಿಲ್ ಕ್ಲಿಂಟನ್ ಮಾರಾಟ ತೆರಿಗೆ ಏರಿಸಿದರು. ಶಾಲೆಗಳ ಗುಣಮಟ್ಟ ನಿಗದಿ ಮಾಡಿದ ಸಮಿತಿಯ ಅಧ್ಯಕ್ಷತೆಯನ್ನು ಹಿಲರಿ ಕ್ಲಿಂಟನ್ ವಹಿಸಿದ್ದರು. ಅಂತರ ಕಡಿಮೆಯಾಯಿತು, ಹೋಗಲಿಲ್ಲ.

ಹದಿನೈದು ವರ್ಷ

ಲೇಕ್ ವ್ಯೂ ಜಿಲ್ಲೆ ಕೋರ್ಟಿನ ಮೆಟ್ಟಿಲೇರಿದ್ದು 1992ರಲ್ಲಿ. 1994ರ ನವೆಂಬರ್‌ನಲ್ಲಿ ನ್ಯಾಯಾಧೀಶೆ ಆನಬೆಲ್ ಇಂಬರ್ ಹಂಚಿಕೆಯ ವ್ಯವಸ್ಥೆ ಸಂವಿಧಾನಕ್ಕೆ ವಿರುದ್ಧ ಎಂದು ಹೇಳಿ, ಸರಿಪಡಿಸಲು ಶಾಸನಸಭೆಗೆ ಎರಡು ವರ್ಷ ಸಮಯ ಕೊಟ್ಟರು. 1995ರಲ್ಲಿ ಹೊಸ ಕಾಯ್ದೆಗಳು ಬಂದವು. 1996ರಲ್ಲಿ ಮತದಾರರು ಸಂವಿಧಾನದ 74ನೇ ತಿದ್ದುಪಡಿಗೆ ಒಪ್ಪಿದರು: ಶಾಲೆಗಳ ನಿರ್ವಹಣೆಗೆ ರಾಜ್ಯವಿಡೀ ಒಂದೇ ದರ, ಕನಿಷ್ಠ 25 ಮಿಲ್.

ಸಮಸ್ಯೆ ಬಗೆಹರಿಯಿತು ಎಂದು ರಾಜ್ಯ ವಾದಿಸಿತು. ಪ್ರಕರಣ ಒಮ್ಮೆ ವಜಾ ಆಯಿತು. ಲೇಕ್ ವ್ಯೂ ಬಿಡಲಿಲ್ಲ. 2000ದಲ್ಲಿ ರಾಜ್ಯ ಸುಪ್ರೀಂ ಕೋರ್ಟ್ ಆ ವಜಾ ಆದೇಶವನ್ನು ತಳ್ಳಿಹಾಕಿ, ಹೊಸ ಕಾಯ್ದೆಗಳಿಂದ ನಿಜವಾಗಿ ಏನಾಗಿದೆ ಎಂದು ಸಾಕ್ಷ್ಯದ ಮೇಲೆ ವಿಚಾರಣೆ ಮಾಡಿ ಎಂದಿತು. ಆ ವರ್ಷವೇ ವಿಚಾರಣೆ ನಡೆದು, 2001ರ ಮೇ 25ರಂದು ನ್ಯಾಯಾಧೀಶ ಕಾಲಿನ್ಸ್ ಕಿಲ್ಗೋರ್ ವ್ಯವಸ್ಥೆ ಈಗಲೂ ಸಂವಿಧಾನಕ್ಕೆ ವಿರುದ್ಧ ಎಂದರು. ಮೇಲ್ಮನವಿಯಲ್ಲಿ 2002ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ರಾಬರ್ಟ್ ಬ್ರೌನ್ ಬರೆದ ತೀರ್ಪು ಮೂಲ ನಿರ್ಣಯವನ್ನು ಎತ್ತಿಹಿಡಿಯಿತು.

ಆ ತೀರ್ಪಿನ ಎರಡು ಮಾತುಗಳು ಮುಖ್ಯ. ಒಂದು, ಹಣ ಸಮಾನವಾಗಿದ್ದರೆ ಸಾಲದು, ಸಾಕಷ್ಟಿರಬೇಕು. ಒಂದು ಮಗುವಿಗೆ ಸರಿಯಾದ ಶಿಕ್ಷಣ ಕೊಡಲು ಎಷ್ಟು ಬೇಕು ಎಂದು ಅಧ್ಯಯನ ಮಾಡುವಂತೆ ರಾಜ್ಯದ ಕಾನೂನೇ ಹೇಳಿದ್ದರೂ ಶಿಕ್ಷಣ ಇಲಾಖೆ ಆ ಅಧ್ಯಯನ ಮಾಡಿರಲೇ ಇಲ್ಲ. ಅಂದರೆ ಮಗುವಿಗೆ ಇಷ್ಟು ಡಾಲರ್ ಎಂಬ ಅಂಕಿಗೆ ಖಜಾನೆಯಲ್ಲಿದ್ದ ಹಣದ ಆಧಾರವಿತ್ತೇ ಹೊರತು ಮಗುವಿನ ಅಗತ್ಯದ ಆಧಾರವಿರಲಿಲ್ಲ. ಎರಡು, ಹಣ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಸ್ಥಳೀಯ ಮಂಡಳಿ ಆ ಹಣವನ್ನು ಹೇಗೆ ಖರ್ಚು ಮಾಡುತ್ತದೆ, ಅದರಿಂದ ಮಗು ಏನು ಕಲಿಯುತ್ತದೆ ಎಂಬುದಕ್ಕೂ ರಾಜ್ಯವೇ ಹೊಣೆ. ಶಾಲಾಪೂರ್ವ ಶಿಕ್ಷಣವೂ ಸಂವಿಧಾನದ ಕಡ್ಡಾಯ ಎಂದು ಕಿಲ್ಗೋರ್ ಹೇಳಿದ್ದನ್ನು ಮಾತ್ರ ಕೋರ್ಟು ಒಪ್ಪದೆ ಅದನ್ನು ಶಾಸನಸಭೆಗೆ ಬಿಟ್ಟಿತು.

ತೀರ್ಪಿನಲ್ಲಿ ಲೇಕ್ ವ್ಯೂ ಒಂದೇ ಇರಲಿಲ್ಲ. ಹಾಲಿ ಗ್ರೋವ್ ಜಿಲ್ಲೆಯಲ್ಲಿ ಮೇಲ್ಮಟ್ಟದ ಪಾಠಗಳೇ ಇರಲಿಲ್ಲ, ಛಾವಣಿ ಸೋರುತ್ತಿತ್ತು. ಲೀ ಕೌಂಟಿಯಲ್ಲಿ 600 ಮಕ್ಕಳಿಗೆ 30 ಕಂಪ್ಯೂಟರ್, ವಿಜ್ಞಾನದ ಪ್ರಯೋಗ ಸಾಮಗ್ರಿ ಇಲ್ಲವೇ ಇಲ್ಲ ಎನ್ನುವ ಸ್ಥಿತಿ. ಫಿಲಿಪ್ಸ್ ಕೌಂಟಿಯ ಬಾರ್ಟನ್ ಪ್ರಾಥಮಿಕ ಶಾಲೆಯಲ್ಲಿ ನೂರಕ್ಕೂ ಹೆಚ್ಚು ಮಕ್ಕಳಿಗೆ ಎರಡು ಶೌಚಾಲಯ, ಅವೆರಡರಲ್ಲೂ ಸೇರಿ ನಾಲ್ಕೇ ಶೌಚದ ಗೂಡು. ಈ ಬಾರ್ಟನ್ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಶಾಸನಸಭೆಗೆ ಕೋರ್ಟ್ ಕೊಟ್ಟ ಗಡುವು 2004ರ ಜನವರಿ 1.

350 ಎಂಬ ಅಂಕಿ

ಗವರ್ನರ್ ಮೈಕ್ ಹಕಬೀ ಅವರ ನಿಲುವು ನೇರವಾಗಿತ್ತು. ಅಷ್ಟೊಂದು ಸಣ್ಣ ಜಿಲ್ಲೆಗಳನ್ನು ಇಟ್ಟುಕೊಂಡು ಎಲ್ಲ ಮಕ್ಕಳಿಗೂ ಸಮರ್ಪಕ ಶಿಕ್ಷಣ ಕೊಡಲಾಗದು, 1,500ಕ್ಕಿಂತ ಕಡಿಮೆ ಮಕ್ಕಳಿರುವ ಜಿಲ್ಲೆಗಳು ಒಂದಾಗಬೇಕು ಎಂದರು. ಹಳ್ಳಿ ಪ್ರದೇಶದ ಶಾಸಕರು ಸಿಟ್ಟಿಗೆದ್ದರು. 2003ರ ಡಿಸೆಂಬರ್‌ನಲ್ಲಿ ಕರೆದ ವಿಶೇಷ ಅಧಿವೇಶನದಲ್ಲಿ ಎಳೆದಾಟ ನಡೆದು ಕೊನೆಗೆ 350ಕ್ಕೆ ಒಪ್ಪಂದವಾಯಿತು. ಸತತ ಎರಡು ವರ್ಷ 350ಕ್ಕಿಂತ ಕಡಿಮೆ ಮಕ್ಕಳಿದ್ದ ಜಿಲ್ಲೆ ತಾನಾಗಿ ಜೊತೆಗಾರನನ್ನು ಹುಡುಕಿಕೊಳ್ಳಬೇಕು, ಇಲ್ಲವಾದರೆ ರಾಜ್ಯ ಶಿಕ್ಷಣ ಮಂಡಳಿಯೇ ಬೇರೆ ಜಿಲ್ಲೆಗೆ ಸೇರಿಸುತ್ತದೆ. ಇದು 60ನೇ ಕಾಯ್ದೆ. ಇದು ಸಾಲದು ಎಂದ ಗವರ್ನರ್ ಸಹಿ ಹಾಕಲಿಲ್ಲ. ಸಹಿಯಿಲ್ಲದೆಯೇ ಅದು ಕಾನೂನಾಯಿತು.

350 ಎಲ್ಲಿಂದ ಬಂತು? ಅರ್ಕಾನ್ಸಾಸ್‌ಗೆ ಈ ಅಂಕಿ ಹೊಸದಲ್ಲ. 1948ರಲ್ಲಿ ಮತದಾರರೇ ಒಪ್ಪಿದ ಕಾಯ್ದೆಯೊಂದು ಇದೇ 350ರ ಗೆರೆ ಎಳೆದು, 1,589 ಜಿಲ್ಲೆಗಳನ್ನು 424ಕ್ಕೆ ಇಳಿಸಿತ್ತು. ಒಂದು ಶಾಲೆ ಚೆನ್ನಾಗಿ ನಡೆಯಲು ಇಷ್ಟು ಮಕ್ಕಳು ಬೇಕು ಎಂಬ ಲೆಕ್ಕಾಚಾರಕ್ಕಿಂತ, ಎಷ್ಟು ಶಾಸಕರ ಮತ ಸಿಗುತ್ತದೆ ಎಂಬ ಲೆಕ್ಕಾಚಾರ ಈ ಅಂಕಿಯನ್ನು ಉಳಿಸಿತು ಎಂದೇ ನಾನು ಓದುತ್ತೇನೆ. 1,500 ಮತ್ತು 350ರ ನಡುವೆ ಅಷ್ಟು ದೊಡ್ಡ ಅಂತರ ಚೌಕಾಸಿಯಲ್ಲಿ ಕರಗಿತಲ್ಲ, ಅದಕ್ಕೆ ಬೇರೆ ವಿವರಣೆ ಕಾಣುವುದಿಲ್ಲ.

2004ರ ಜುಲೈ 1ಕ್ಕೆ ಮೊದಲ ಸುತ್ತಿನ ವಿಲೀನ ಜಾರಿಗೆ ಬಂತು. 300ಕ್ಕೂ ಹೆಚ್ಚಿದ್ದ ಜಿಲ್ಲೆಗಳು 254ಕ್ಕೆ ಇಳಿದವು. ಹಾಲಿ ಗ್ರೋವ್ ಕ್ಲಾರೆಂಡನ್‌ಗೆ ಸೇರಿತು. ಲೇಕ್ ವ್ಯೂ ಸೇರಿದ್ದು ಬಾರ್ಟನ್-ಲೆಕ್ಸಾಗೆ. ಶೌಚಾಲಯದ ಕೊರತೆಗಾಗಿ ಅದೇ ತೀರ್ಪಿನಲ್ಲಿ ಹೆಸರು ಬಂದ ಶಾಲೆಯಿದ್ದ ಜಿಲ್ಲೆ ಅದು. ಕೋರ್ಟಿನ ಪಟ್ಟಿಯಲ್ಲಿದ್ದ ಒಂದು ಬಡ ಜಿಲ್ಲೆಯ ಮಕ್ಕಳನ್ನು ಅದೇ ಪಟ್ಟಿಯಲ್ಲಿದ್ದ ಇನ್ನೊಂದಕ್ಕೆ ಕಳಿಸುವುದು ಬಡತನಕ್ಕೆ ಹೇಗೆ ಪರಿಹಾರವಾಗುತ್ತದೆ ಎಂಬ ಪ್ರಶ್ನೆಗೆ 60ನೇ ಕಾಯ್ದೆಯಲ್ಲಿ ಉತ್ತರವಿಲ್ಲ. ಅದು ತಲೆ ಎಣಿಸುತ್ತದೆ, ಅಷ್ಟೇ.

ಹೊಸ ಹಣ ಲೇಕ್ ವ್ಯೂಗೆ ಬಂದಿದ್ದರೆ

ಅದೇ ವಿಶೇಷ ಅಧಿವೇಶನ ಇನ್ನೊಂದು ಕೆಲಸವನ್ನೂ ಮಾಡಿತು, ಮತ್ತು ಅದು ನಿಜಕ್ಕೂ ದೊಡ್ಡ ಕೆಲಸ. ಅಷ್ಟರಲ್ಲಿ ಶಾಸನಸಭೆ ಲಾರೆನ್ಸ್ ಪಿಕಸ್ ಮತ್ತು ಆಲನ್ ಆಡನ್ ಎಂಬ ಶಿಕ್ಷಣ-ಹಣಕಾಸು ತಜ್ಞರಿಂದ, ಇಲಾಖೆ ಮಾಡದೆ ಬಿಟ್ಟಿದ್ದ ಆ 'ಎಷ್ಟು ಬೇಕು' ಎಂಬ ಅಧ್ಯಯನ ಮಾಡಿಸಿತ್ತು. ಅದರ ಆಧಾರದ ಮೇಲೆ 59ನೇ ಕಾಯ್ದೆ 2004–05ಕ್ಕೆ ಪ್ರತಿ ಮಗುವಿಗೆ 5,400 ಡಾಲರ್ ಮೂಲ ಅನುದಾನ ನಿಗದಿ ಮಾಡಿತು. ಅದರ ಮೇಲೆ ಬಡತನದ ಅನುದಾನ: ರಿಯಾಯಿತಿ ಊಟಕ್ಕೆ ಅರ್ಹರಾದ ಮಕ್ಕಳು ಜಿಲ್ಲೆಯಲ್ಲಿ ಶೇ 70ಕ್ಕಿಂತ ಕಡಿಮೆಯಿದ್ದರೆ ಅಂಥ ಪ್ರತಿ ಮಗುವಿಗೆ 480 ಡಾಲರ್, ಶೇ 70ರಿಂದ 90ರ ಒಳಗಿದ್ದರೆ 960, ಶೇ 90ನ್ನು ಮುಟ್ಟಿದರೆ 1,440. ಬಡತನ ದಟ್ಟವಾದ ಹಾಗೆ ಪ್ರತಿ ಮಗುವಿನ ಪಾಲೂ ಹೆಚ್ಚುವ ಈ ಮೆಟ್ಟಿಲು ಲೆಕ್ಕವನ್ನು ನಾನು ತುಂಬ ಗೌರವದಿಂದ ನೋಡುತ್ತೇನೆ. ಬಡತನ ಒಂದೆಡೆ ಗುಂಪುಗೂಡಿದಾಗ ಅದರ ಹೊರೆ ಎರಡು ಪಟ್ಟಾಗುತ್ತದೆ ಎಂಬ, ಶಾಲೆಯಲ್ಲಿ ಪಾಠ ಮಾಡಿದವರಿಗೆಲ್ಲ ಗೊತ್ತಿರುವ ಸಂಗತಿಯನ್ನು ಒಂದು ಸರ್ಕಾರ ಅಂಕಿಯಲ್ಲಿ ಬರೆದದ್ದು ಸಣ್ಣ ಮಾತಲ್ಲ. ಇದಕ್ಕೆಲ್ಲ ಹಣ ಹೊಂದಿಸಲು 2004ರ ಮಾರ್ಚ್‌ನಿಂದ ಮಾರಾಟ ತೆರಿಗೆ ಶೇ 5.125ರಿಂದ 6ಕ್ಕೆ ಏರಿತು.

ಈಗ ಲೇಕ್ ವ್ಯೂನ ಅಂಕಿಗಳನ್ನೇ ಈ ನಿಯಮಕ್ಕೆ ಹಾಕಿ ನೋಡೋಣ. ತೀರ್ಪಿನ ಕಾಲದ 238 ಮಕ್ಕಳಿಗೆ ತಲಾ 5,400ರಂತೆ 12,85,200 ಡಾಲರ್. ಶೇ 94 ಅಂದರೆ ಸುಮಾರು 224 ಮಕ್ಕಳಿಗೆ ತಲಾ 1,440ರಂತೆ ಇನ್ನೂ 3,22,560 ಡಾಲರ್. ಹೊಸ ಕಾನೂನಿನ ಪ್ರಕಾರ ಪದವಿ ಇರುವ ಹೊಸ ಶಿಕ್ಷಕರ ಕನಿಷ್ಠ ಸಂಬಳ 2004–05ರಲ್ಲಿ 27,500 ಡಾಲರ್. 10,000ಕ್ಕೆ ದುಡಿಯುತ್ತಿದ್ದ ಆ ಗಣಿತ ಮೇಷ್ಟ್ರ ಜಾಗಕ್ಕೆ ಅರ್ಹತಾ ಪತ್ರವಿರುವವರನ್ನು ತರಲು ಬೇಕಾಗುವ ಹೆಚ್ಚುವರಿ ಹಣ 17,500 ಡಾಲರ್. ಬಡತನದ ಅನುದಾನವೊಂದರಲ್ಲೇ ಅಂಥ ಹದಿನೆಂಟು ಕಂದರಗಳನ್ನು ತುಂಬಬಹುದಿತ್ತು. ಕನಿಷ್ಠ ಸಂಬಳದ ಎರಡು ಪಟ್ಟು, 55,000 ಕೊಡುತ್ತೇವೆ ಎಂದು ಜಾಹೀರಾತು ಹಾಕಿದ್ದರೂ ಆ ಅನುದಾನದ ಬಹುಪಾಲು ಉಳಿಯುತ್ತಿತ್ತು.

ನಾನು ಈ ಪ್ರಕರಣದಲ್ಲಿ ಹೇಳಬೇಕೆಂದಿರುವುದು ಇದನ್ನೇ. ಲೇಕ್ ವ್ಯೂನ ಹೈಸ್ಕೂಲಿಗೆ ಒಬ್ಬ ಗಣಿತ ಶಿಕ್ಷಕ ಸಂಖ್ಯೆಯ ಲೆಕ್ಕದಲ್ಲಿ ಕಡಿಮೆಯೇನಲ್ಲ. ತರಗತಿಗೆ ಸರಾಸರಿ ಹದಿನೆಂಟು ಮಕ್ಕಳಿದ್ದ ಶಾಲೆ ಅದು. ಕೊರತೆ ಇದ್ದದ್ದು ಆ ಒಬ್ಬರಿಗೆ ಕೊಡುವ ಸಂಬಳದಲ್ಲಿ, ಮತ್ತು ಆ ಸಂಬಳಕ್ಕೆ ಡೆಲ್ಟಾದ ಒಳನಾಡಿಗೆ ಬರಲು ಯಾರೂ ಸಿದ್ಧರಿಲ್ಲದ್ದರಲ್ಲಿ. ಅದನ್ನು ಸರಿಪಡಿಸುವ ಹಣ ಬಂತು. ಆ ಹಣದಿಂದ ಲೇಕ್ ವ್ಯೂ ಏನು ಮಾಡುತ್ತಿತ್ತು ಎಂದು ನೋಡುವ ಮೊದಲೇ ಜಿಲ್ಲೆಯನ್ನು ತೆಗೆದುಹಾಕಿದರು. ಕೊರತೆಯಲ್ಲಿ ಬಸವಳಿದ ಶಾಲೆಯ ಫಲಿತಾಂಶವನ್ನು ಶಾಲೆ ಚಿಕ್ಕದಾದದ್ದರ ಫಲಿತಾಂಶ ಎಂದು ಓದಿದ್ದು ದೊಡ್ಡ ತಪ್ಪು.

ವಿಲೀನದ ಪರವಾದ ವಾದದಲ್ಲೂ ಹುರುಳಿದೆ. ಅರ್ಕಾನ್ಸಾಸ್‌ನಲ್ಲಿ ಪ್ರತಿ ಹೈಸ್ಕೂಲು 38 ಘಟಕಗಳಷ್ಟು ವಿಷಯಗಳನ್ನು ಕಲಿಸಲೇಬೇಕು. ಭೌತವಿಜ್ಞಾನ, ರಸಾಯನವಿಜ್ಞಾನ, ವಿದೇಶಿ ಭಾಷೆ, ಕಲೆ, ವೃತ್ತಿ ಶಿಕ್ಷಣ ಎಲ್ಲವೂ ಸೇರಿ. ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ಎಪ್ಪತ್ತು ಚಿಲ್ಲರೆ ಮಕ್ಕಳಿರುವಲ್ಲಿ ಇಷ್ಟನ್ನೂ ಅರ್ಹ ಶಿಕ್ಷಕರಿಂದ ಕಲಿಸುವುದು ನಿಜಕ್ಕೂ ಕಷ್ಟ. ಭೌತವಿಜ್ಞಾನಕ್ಕೆ ಐದು ಮಕ್ಕಳಿದ್ದರೂ ಶಿಕ್ಷಕರು ಪೂರ್ತಿ ಒಬ್ಬರು ಬೇಕು. ಮುಖ್ಯೋಪಾಧ್ಯಾಯರು, ಅಡುಗೆಮನೆ, ಬಸ್ಸು, ಲೆಕ್ಕಪತ್ರ ಇವುಗಳ ಖರ್ಚು ಮಕ್ಕಳ ಸಂಖ್ಯೆಯ ಜೊತೆ ಇಳಿಯುವುದಿಲ್ಲ. ಆದರೆ ಇದಕ್ಕೆ ಬೇರೆ ದಾರಿಗಳು ಆ ರಾಜ್ಯದಲ್ಲೇ ಇದ್ದವು. 1985ರಿಂದಲೇ ಹಲವು ಜಿಲ್ಲೆಗಳು ಸೇರಿ ತಜ್ಞ ಶಿಕ್ಷಕರನ್ನು, ತರಬೇತಿಯನ್ನು ಹಂಚಿಕೊಳ್ಳುವ ಶೈಕ್ಷಣಿಕ ಸೇವಾ ಸಹಕಾರ ಸಂಘಗಳು ಕೆಲಸ ಮಾಡುತ್ತಿದ್ದವು. ಹಾಟ್ ಸ್ಪ್ರಿಂಗ್ಸ್‌ನ ರಾಜ್ಯ ಗಣಿತ-ವಿಜ್ಞಾನ ಶಾಲೆ ದೂರದ ಹೈಸ್ಕೂಲುಗಳಿಗೆ ವಿಡಿಯೊ ಮೂಲಕ ಪಾಠ ಮಾಡುತ್ತಿತ್ತು. ಭೌತವಿಜ್ಞಾನವನ್ನು ಹಂಚಿಕೊಂಡು, ಗಣಿತ ಮತ್ತು ಇಂಗ್ಲಿಷ್‌ಗೆ ಒಳ್ಳೆಯ ಸಂಬಳ ಕೊಟ್ಟು ಕಾಯಂ ಶಿಕ್ಷಕರನ್ನು ಇಟ್ಟುಕೊಂಡು, ಮೂರ್ನಾಲ್ಕು ವರ್ಷ ಹೊಸ ಹಣದಲ್ಲಿ ನಡೆಸಿ, ಆಮೇಲೆ ಕಲಿಕೆಯನ್ನು ಅಳೆದಿದ್ದರೆ ಸಣ್ಣ ಜಿಲ್ಲೆಯ ಬಗ್ಗೆ ನ್ಯಾಯವಾದ ತೀರ್ಮಾನಕ್ಕೆ ಬರಬಹುದಿತ್ತು.

ಕಲಿಕೆ ಏನಾಯಿತು

ರಾಜ್ಯದ ಮಟ್ಟದಲ್ಲಿ ನೋಡಿದರೆ ಸುಧಾರಣೆ ಕಂಡದ್ದು ನಿಜ. ಅಮೆರಿಕವಿಡೀ ನಡೆಯುವ ನೇಪ್ ಪರೀಕ್ಷೆಯಲ್ಲಿ ಅರ್ಕಾನ್ಸಾಸ್‌ನ ನಾಲ್ಕನೇ ತರಗತಿಯ ಗಣಿತದ ಸರಾಸರಿ ಅಂಕ 2003ರಲ್ಲಿ 229 ಇದ್ದದ್ದು 2007ಕ್ಕೆ 238 ಆಯಿತು. ಅದೇ ಅವಧಿಯಲ್ಲಿ ದೇಶದ ಸರ್ಕಾರಿ ಶಾಲೆಗಳ ಸರಾಸರಿ 234ರಿಂದ 239ಕ್ಕೆ ಏರಿತು. ಐದು ಅಂಕದ ಅಂತರ ನಾಲ್ಕು ವರ್ಷದಲ್ಲಿ ಒಂದಕ್ಕೆ ಇಳಿಯಿತು. ಶಾಲಾಪೂರ್ವ ಶಿಕ್ಷಣ ಕಡ್ಡಾಯವಲ್ಲ ಎಂದು ಕೋರ್ಟು ಹೇಳಿದ್ದರೂ ರಾಜ್ಯ ಅದಕ್ಕೂ ಹಣ ಹೆಚ್ಚಿಸಿತ್ತು. ಒಕ್ಕೂಟ ಸರ್ಕಾರದ ಹೊಸ ಪರೀಕ್ಷಾ ನಿಯಮಗಳ ಒತ್ತಡವೂ ಇತ್ತು. ಏರಿಕೆಯಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಹಣದಿಂದ ಏನೂ ಆಗುವುದಿಲ್ಲ ಎಂಬ ವಾದವನ್ನಂತೂ ಈ ಅಂಕಿಗಳನ್ನು ಮುಂದಿಟ್ಟುಕೊಂಡು ಮಾಡಲಾಗದು.

ಲೇಕ್ ವ್ಯೂ ಮಕ್ಕಳ ಕಲಿಕೆಯನ್ನು ಮೊದಲಿನ ಜೊತೆ ಹೋಲಿಸುವುದು ಇನ್ನೂ ಕಷ್ಟ. ಜಿಲ್ಲೆ ಹೋದ ಮೇಲೆ ಅವರ ಅಂಕಗಳು ಬಾರ್ಟನ್-ಲೆಕ್ಸಾದ ಸರಾಸರಿಯಲ್ಲಿ ಸೇರಿಹೋದವು. ಯಾವ ಮಕ್ಕಳ ಹೆಸರಿನಲ್ಲಿ ಮೊಕದ್ದಮೆ ನಡೆಯಿತೋ ಅವರ ಶಿಕ್ಷಣ ಸುಧಾರಿಸಿತೇ ಎಂದು ಕೇಳಿದರೆ ತೋರಿಸಲು ಪ್ರತ್ಯೇಕ ಸಾಲು ಉಳಿಯಲಿಲ್ಲ. ವಿಲೀನದ ಈ ಪರಿಣಾಮದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಆಡಳಿತ ನಡೆಸುವವರು ಮಕ್ಕಳನ್ನು ಒಂದು ಶಾಲೆಯಿಂದ ಇನ್ನೊಂದಕ್ಕೆ ಸೇರಿಸುವಾಗ, ಆ ಮಕ್ಕಳ ಗುಂಪನ್ನು ಕನಿಷ್ಠ ಹತ್ತು ವರ್ಷ ಬೇರೆಯಾಗಿ ಗುರುತಿಸಿ ಫಲಿತಾಂಶ ಪ್ರಕಟಿಸಬೇಕು ಎಂಬ ಷರತ್ತು ಯಾವ ವಿಲೀನ ಆದೇಶದಲ್ಲೂ ಇರಬೇಕಾದ್ದು. ಕರ್ನಾಟಕದಲ್ಲಿ ಮಕ್ಕಳ ಸಂಖ್ಯೆ ಕಡಿಮೆ ಎಂದು ಶಾಲೆಗಳನ್ನು ಒಟ್ಟುಗೂಡಿಸುವ ಚರ್ಚೆ ನಡೆದಾಗಲೂ ನಾನು ಮೊದಲು ಕೇಳುವ ಪ್ರಶ್ನೆ ಇದೇ.

ಕೋರ್ಟು ಬಾಗಿಲು ಮುಚ್ಚಿದ ಮೇಲೆ

ಗಡುವು ಮೀರಿದ ಮೇಲೆ ಕೋರ್ಟು ಬ್ರಾಡ್ಲಿ ಜೆಸನ್ ಮತ್ತು ಡೇವಿಡ್ ನ್ಯೂಬರ್ನ್ ಎಂಬ ಇಬ್ಬರು ಮಾಜಿ ನ್ಯಾಯಮೂರ್ತಿಗಳನ್ನು ಪರಿಶೀಲನೆಗೆ ನೇಮಿಸಿತು. ಅವರ ವರದಿ ನೋಡಿ 2004ರ ಜೂನ್‌ನಲ್ಲಿ ಪ್ರಕರಣದಿಂದ ಹೊರಬಂತು. ಆದರೆ ಶಾಸನಸಭೆ ಮರುವರ್ಷವೇ 5,400ರ ಮೂಲ ಅನುದಾನವನ್ನು ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸದೆ ಬಿಟ್ಟಿತು. ಕೋರ್ಟು ಪ್ರಕರಣವನ್ನು ಮತ್ತೆ ತೆರೆದು, 2005ರ ಡಿಸೆಂಬರ್‌ನಲ್ಲಿ ರಾಜ್ಯವನ್ನು ತರಾಟೆಗೆ ತೆಗೆದುಕೊಂಡಿತು. 2006ರಲ್ಲಿ ಮತ್ತೊಂದು ವಿಶೇಷ ಅಧಿವೇಶನ, ಮತ್ತಷ್ಟು ಹಣ. 2007ರ ಮೇ 31ರಂದು ವ್ಯವಸ್ಥೆ ಈಗ ಸಂವಿಧಾನಕ್ಕೆ ತಕ್ಕಂತಿದೆ ಎಂದು ಘೋಷಣೆಯಾಯಿತು. ಶಾಸನಸಭೆ ಎರಡು ವರ್ಷಕ್ಕೊಮ್ಮೆ ಶಾಲೆಗಳ ಅಗತ್ಯವನ್ನು ಹೊಸದಾಗಿ ಲೆಕ್ಕ ಹಾಕಲೇಬೇಕು ಎಂಬ ಕಟ್ಟುಪಾಡು ಈ ಹೋರಾಟದಿಂದ ಉಳಿದ ಬೆಲೆಬಾಳುವ ಗಳಿಕೆ.

ಲೇಕ್ ವ್ಯೂ ಜನ ಸುಮ್ಮನಿರಲಿಲ್ಲ. ತಮ್ಮ ಜಿಲ್ಲೆಯನ್ನು ಇಲ್ಲವಾಗಿಸಿದ 60ನೇ ಕಾಯ್ದೆ ಕರಿಯ ಸಮುದಾಯಗಳ ವಿರುದ್ಧ ತಾರತಮ್ಯ ಮಾಡುತ್ತದೆ ಎಂದು ಒಕ್ಕೂಟದ ನ್ಯಾಯಾಲಯಕ್ಕೆ ಹೋದರು. 2009ರಲ್ಲಿ ಎಂಟನೇ ವಲಯದ ಮೇಲ್ಮನವಿ ನ್ಯಾಯಾಲಯ ಅವರ ವಾದವನ್ನು ಒಪ್ಪಲಿಲ್ಲ. ಕಾಯ್ದೆ ಬರಿಯ ಅಂಕಿಯನ್ನು ನೋಡುತ್ತದೆ, ಬಣ್ಣವನ್ನಲ್ಲ ಎಂಬ ಸಮರ್ಥನೆ ಕಾನೂನಿನಲ್ಲಿ ಗೆಲ್ಲುತ್ತದೆ. ಡೆಲ್ಟಾದಲ್ಲಿ ಮಾತ್ರ ಯಾವ ಊರುಗಳು ಖಾಲಿಯಾದವು, ಏಕೆ ಖಾಲಿಯಾದವು ಎಂಬುದಕ್ಕೆ ಬಣ್ಣದ ಚರಿತ್ರೆ ಇದ್ದೇ ಇದೆ.

350ರ ಗೆರೆ ತನ್ನ ಕೆಲಸ ಮುಂದುವರಿಸಿತು. 2006ರಲ್ಲಿ ಎಲೇನ್ ಜಿಲ್ಲೆ ಮಾರ್ವೆಲ್‌ಗೆ ಸೇರಿತು, ಎಲೇನ್‌ನ ಶಾಲೆಗಳು ಮುಚ್ಚಿದವು. ಎರಡು ಬಡ ಜಿಲ್ಲೆಗಳು ಕೂಡಿದ್ದರಿಂದ ಮಕ್ಕಳು ಹೆಚ್ಚಲಿಲ್ಲ. ಊರು ಬಿಡುವವರು ಬಿಡುತ್ತಲೇ ಹೋಗಿ, ಕೂಡಿದ ಮಾರ್ವೆಲ್-ಎಲೇನ್ ಜಿಲ್ಲೆಯೇ ಹದಿನೈದು ವರ್ಷದಲ್ಲಿ 350ಕ್ಕಿಂತ ಕೆಳಗಿಳಿಯಿತು. ರಾಜ್ಯ ಅದನ್ನು ತನ್ನ ಕೈಗೆ ತೆಗೆದುಕೊಂಡು, 2023ರ ಲರ್ನ್ಸ್ ಎಂಬ ಶಿಕ್ಷಣ ಕಾಯ್ದೆಯಡಿ ನಡೆಸುವ ಹೊಣೆಯನ್ನು ಹೊರಗಿನ ಸಂಸ್ಥೆಯೊಂದಕ್ಕೆ ಒಪ್ಪಿಸಿತು. ಬೆಟ್ಟ ಪ್ರದೇಶವಾದ ಓಝಾರ್ಕ್‌ನಲ್ಲಿ, ಬಿಳಿಯರೇ ಹೆಚ್ಚಿರುವ ಡಿಯರ್–ಮೌಂಟ್ ಜೂಡಿಯಾ ಎಂಬ ಪುಟ್ಟ ಜಿಲ್ಲೆ 2010ರಲ್ಲಿ ಲೇಕ್ ವ್ಯೂ ತೀರ್ಪನ್ನೇ ಹಿಡಿದು, ದೂರದ ಸಣ್ಣ ಶಾಲೆಗಳ ಖರ್ಚನ್ನು ರಾಜ್ಯದ ಸೂತ್ರ ಸರಿಯಾಗಿ ಲೆಕ್ಕಿಸುತ್ತಿಲ್ಲ ಎಂದು ಮೊಕದ್ದಮೆ ಹೂಡಿತು. ತೊಂದರೆ ಒಂದು ಬಣ್ಣದ್ದೋ ಒಂದು ಮೂಲೆಯದ್ದೋ ಅಲ್ಲ ಎಂಬುದಕ್ಕೆ ಅದು ಸಾಕ್ಷಿ.

ಕೊನೆಗೆ 2015ರಲ್ಲಿ ಶಾಸನಸಭೆ 377ನೇ ಕಾಯ್ದೆಯ ಮೂಲಕ ಗೆರೆಯನ್ನು ಸ್ವಲ್ಪ ಸಡಿಲಿಸಿತು. 350ಕ್ಕಿಂತ ಕೆಳಗಿಳಿದ ಜಿಲ್ಲೆ ವಿನಾಯಿತಿ ಕೇಳಬಹುದು. ಷರತ್ತು ಏನೆಂದರೆ, ಅದು ಕಲಿಕೆಯಲ್ಲಾಗಲಿ ಹಣಕಾಸಿನಲ್ಲಾಗಲಿ ಕಟ್ಟಡಗಳ ವಿಷಯದಲ್ಲಾಗಲಿ 'ಸಂಕಷ್ಟದಲ್ಲಿದೆ' ಎಂದು ಇಲಾಖೆಯ ಪಟ್ಟಿಯಲ್ಲಿರಬಾರದು. ಇದ್ದುದರಲ್ಲಿ ಗಟ್ಟಿಯಾಗಿರುವ ಸಣ್ಣ ಜಿಲ್ಲೆಗಳಿಗೆ ಇದರಿಂದ ಉಸಿರಾಡಲು ಜಾಗ ಸಿಕ್ಕಿತು. ಕೈವಾರವಿಲ್ಲದ ರೇಖಾಗಣಿತ ತರಗತಿ, ಬಸ್ ಓಡಿಸುವ ಗಣಿತ ಮೇಷ್ಟ್ರು, 100ಕ್ಕೆ 100 ಮಕ್ಕಳಿಗೂ ಮರುಪಾಠ ಬೇಕಾದ ಶಾಲೆ ಈ ಷರತ್ತನ್ನು ದಾಟುವುದು ಹೇಗೆ ಎಂದು ನನಗೆ ಕಾಣುತ್ತಿಲ್ಲ. 60ನೇ ಕಾಯ್ದೆಯ ಜೊತೆಗೇ ಈ ವಿನಾಯಿತಿ ಬಂದಿದ್ದರೂ ಲೇಕ್ ವ್ಯೂಗೆ ಅದು ಸಿಗುತ್ತಿರಲಿಲ್ಲ.